ಹೊಳೆ ದಾಟಿ, ಘಾಟಿ ಬಿಡಿ: ಬಸುರಿಯ ಕಾರು ಪ್ರವಾಸಕ್ಕೊಂದು ಕರಾವಳಿ ದಾರಿ

“ಬಸುರಿ ಹೊಳೆ ದಾಟ್ಲಿಕ್ಕಿಲ್ಲ.”

ಐದನೇ ತಿಂಗಳಲ್ಲಿ ಮರವಂತೆ ಬೀಚಿಗೆ ಹೋಗಿಬರುವ ಮಾತು ಎತ್ತಿದ್ದಕ್ಕೆ ಅತ್ತೆ ಕೊಟ್ಟ ಉತ್ತರ ಇಷ್ಟೇ. ನನ್ನ ಗಂಡ ಬೆರಳು ಮಡಚಿ ಲೆಕ್ಕ ಹಾಕಿದರು. ಮಂಗಳೂರಿನಿಂದ ಹೊರಟರೆ ಕೂಳೂರಿನಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ, ಆಮೇಲೆ ಉದ್ಯಾವರ ಹೊಳೆ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ, ಕುಂದಾಪುರದಲ್ಲಿ ಪಂಚಗಂಗಾವಳಿ. “ಏಳು ಹೊಳೆ ಉಂಟಲ್ಲ ಅಮ್ಮ, ಎಂಥ ಮಾಡುದು?” ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ದೋಣಿಯಲ್ಲಿ ದಾಟುವ ಕಾಲದ ಮಾತು ಮಾರಾಯ, ಸೇತುವೆಗೆ ಹೇಳಿದ್ದಲ್ಲ” ಎಂದು ತಾವೇ ರಾಜಿಯಾದರು. ಹೊರಡುವ ದಿನ ನೋಡಿದರೆ ಅವರ ಚೀಲವೂ ಡಿಕ್ಕಿಯಲ್ಲಿತ್ತು.

ಅತ್ತೆಯ ಈ ತಿದ್ದುಪಡಿಯನ್ನೇ ನಾನು ನಿಯಮ ಮಾಡಿಕೊಂಡೆ. ಸೇತುವೆ ಇರುವಲ್ಲಿಗೆ ಹೋಗುವುದು, ದೋಣಿ ಹತ್ತಬೇಕಾದಲ್ಲಿಗೆ ಬೇಡ. ಘಾಟಿಯೂ ಬೇಡ ಎಂಬುದನ್ನು ನಾನು ಸೇರಿಸಿದೆ. ಮಗು ಬರುವ ಮುಂಚೆ ಎರಡು ದಿನ ಎಲ್ಲಾದರೂ ಹೋಗಿಬರೋಣ ಎಂದು ಮನಸ್ಸಾಗಿ, ಮನೆಯಲ್ಲಿ ಹತ್ತು ಜನ ಹತ್ತು ಮಾತು ಹೇಳುತ್ತಿದ್ದರೆ, ಈ ಬರಹ ನಿಮಗೆ. ನಾನು ಡಾಕ್ಟರಲ್ಲ; ಡಾಕ್ಟರರ ಹತ್ತಿರ ಕೇಳಿ, ಓದಿ, ಹೋಗಿ ಬಂದವಳು.

ಮೊದಲು ಕ್ಯಾಲೆಂಡರ್, ಆಮೇಲೆ ಮ್ಯಾಪ್

ಎಲ್ಲರೂ ಎಲ್ಲಿಗೆ ಹೋಗುವುದು ಎಂಬಲ್ಲಿಂದ ಶುರು ಮಾಡುತ್ತಾರೆ. ಯಾವಾಗ ಎಂಬುದು ಮೊದಲು ತೀರ್ಮಾನವಾಗಲಿ. ಬಸುರಿನಲ್ಲಿ ಓಡಾಟಕ್ಕೆ 14ರಿಂದ 28 ವಾರ ಹಿತ ಎಂಬುದು ಪ್ರಸೂತಿ ತಜ್ಞರ ಸಾಮಾನ್ಯ ಅಭಿಪ್ರಾಯ. ಅದಕ್ಕೆ ಮೊದಲು ವಾಂತಿ, ಸುಸ್ತು. ಅದಾದ ಮೇಲೆ ಮೈಭಾರ, ಕಾಲುಬಾವು, ಎಲ್ಲಿ ಕೂತರೂ ಏಳಲಾಗದ ಸ್ಥಿತಿ.

ಈ ಹದಿನಾಲ್ಕು ವಾರವನ್ನು ನಾನು ಇನ್ನೂ ಕತ್ತರಿಸುತ್ತೇನೆ. 18ರಿಂದ 20ನೇ ವಾರದ ಹೊತ್ತಿಗೆ ಅನಾಮಲಿ ಸ್ಕ್ಯಾನ್ ಆಗುತ್ತದೆ. ಮಗುವಿನ ಅಂಗಾಂಗದ ಜೊತೆ ಮಾಸು (ಪ್ಲಾಸೆಂಟಾ) ಎಲ್ಲಿ ಅಂಟಿಕೊಂಡಿದೆ ಎಂಬುದೂ ಅದರಲ್ಲಿ ಕಾಣುತ್ತದೆ. ಮಾಸು ಕೆಳಗೆ, ಗರ್ಭಕೋಶದ ಬಾಯಿಯ ಹತ್ತಿರ ಇದ್ದರೆ ಯಾವ ನೋವೂ ಇಲ್ಲದೆ ಇದ್ದಕ್ಕಿದ್ದಂತೆ ರಕ್ತ ಹೋಗಬಹುದು. ಅಂಥದ್ದು ಹೆದ್ದಾರಿಯಲ್ಲಿ ಗೊತ್ತಾಗುವುದಕ್ಕಿಂತ ಸ್ಕ್ಯಾನಿಂಗ್ ಕೋಣೆಯಲ್ಲಿ ಗೊತ್ತಾಗುವುದು ಲೇಸು. ಆ ರಿಪೋರ್ಟ್ ಕೈಗೆ ಬಂದ ಮೇಲೆಯೇ ರೂಮ್ ಬುಕ್ ಮಾಡಿ.

ಆ ಕಡೆಯ ಗಡಿಯನ್ನು ನಮ್ಮ ಊರಿನವರು ಆಗಲೇ ಹಾಕಿಟ್ಟಿದ್ದಾರೆ. ತುಳುನಾಡಿನಲ್ಲಿ ಬಯಕೆ, ಅಂದರೆ ಸೀಮಂತ, ಹೆಚ್ಚಾಗಿ ಏಳನೇ ತಿಂಗಳಲ್ಲಿ. ಮುಗಿದ ಮೇಲೆ ಹುಡುಗಿ ತವರಿಗೆ. ಡಾಕ್ಟರರ 28 ವಾರವೂ ಅಲ್ಲಿಗೇ ಬಂದು ಮುಟ್ಟುತ್ತದೆ. ಅಂದರೆ ಸ್ಕ್ಯಾನ್ ಆದಂದಿನಿಂದ ಬಯಕೆಯ ಸೀರೆ ಉಡುವವರೆಗೆ ಎಂಟು ವಾರ. ಆ ಎಂಟು ವಾರದಲ್ಲಿ ಎರಡು ರಾತ್ರಿ, ಮೂರು ಹಗಲು ಹುಡುಕಿ.

ಆ ಎಂಟು ವಾರ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬಿದ್ದರೆ ಕಾರು ಪ್ರವಾಸವನ್ನೇ ಬಿಟ್ಟುಬಿಡಿ. ನಮ್ಮ ಕಡೆಯ ಮಳೆ, ಅದರಡಿ ಕಾಣದ ಹೊಂಡ, ಉಕ್ಕುವ ಕಡಲು ಯಾವುದೂ ಬಸುರಿಗೆ ಆಗಿಬರುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಸೆಕೆ. ಹೋಗಲೇಬೇಕೆಂದರೆ ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ರೂಮ್ ಸೇರಿ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಅದರಲ್ಲೂ ಸಮಸಂಖ್ಯೆಯ ವರ್ಷಗಳ ಜನವರಿ 18ರ ಆಸುಪಾಸು ಉಡುಪಿ ಬೇಡ. ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಪರ್ಯಾಯಕ್ಕೆ ಸೇರುವ ಜನಸಾಗರದಲ್ಲಿ ಕಾರು ಇರಲಿ, ಕಾಲು ಇಡಲೂ ಜಾಗವಿರುವುದಿಲ್ಲ. ಶನಿವಾರ, ಭಾನುವಾರವೂ ಬೇಡ. ಬೀಚಿನ ರಶ್ ಒಂದು ಕಾರಣವಾದರೆ, ಭಾನುವಾರ ಸ್ಕ್ಯಾನಿಂಗ್ ಸೆಂಟರ್‌ಗಳು ಮುಚ್ಚಿರುವುದು ಇನ್ನೊಂದು.

ಡಾಕ್ಟರ್ ಹತ್ತಿರ ಕೇಳುವ ರೀತಿ

“ಹೋಗಬಹುದಾ ಡಾಕ್ಟ್ರೇ?” ಎಂದು ಕೇಳಿದರೆ “ಜಾಗ್ರತೆಯಲ್ಲಿ ಹೋಗಿ” ಎಂಬ ಉತ್ತರ ಬರುತ್ತದೆ. ಅದರಿಂದ ಪ್ರಯೋಜನವಿಲ್ಲ. ಬಿಡಿಬಿಡಿಯಾಗಿ ಕೇಳಿ. ಮಾಸು ಎಲ್ಲಿದೆ? ಬಿಪಿ, ಹಿಮೋಗ್ಲೋಬಿನ್ ಎಷ್ಟಿದೆ? ದಿನಕ್ಕೆ ಎಷ್ಟು ಗಂಟೆ ಕಾರಿನಲ್ಲಿ ಕೂರಬಹುದು? ವಾಂತಿಯಾದರೆ ಯಾವ ಮಾತ್ರೆ? ಕಾಲಿಗೆ ಬಿಗಿ ಸ್ಟಾಕಿಂಗ್ಸ್ ಬೇಕಾ? ರಕ್ತದ ಗುಂಪು ನೆಗೆಟಿವ್ ಆದವರು ಇನ್ನೊಂದು ಕೇಳಿಟ್ಟುಕೊಳ್ಳಿ: ದಾರಿಯಲ್ಲಿ ರಕ್ತ ಕಂಡರೆ ಅಥವಾ ಹೊಟ್ಟೆಗೆ ಪೆಟ್ಟಾದರೆ ಆಂಟಿ-ಡಿ ಇಂಜೆಕ್ಷನ್ ಎಷ್ಟು ಹೊತ್ತಿನೊಳಗೆ ಬೇಕು, ಎಲ್ಲಿ ಸಿಗುತ್ತದೆ.

ಅವಳಿ ಮಕ್ಕಳು, ಹಿಂದಿನ ಸಲ ದಿನ ತುಂಬುವ ಮೊದಲೇ ಹೆರಿಗೆ, ಗರ್ಭಕಂಠಕ್ಕೆ ಹೊಲಿಗೆ, ಏರಿದ ಬಿಪಿ, ಈ ಬಸುರಿನಲ್ಲಿ ಒಮ್ಮೆ ರಕ್ತ ಹೋದದ್ದು. ಇವುಗಳಲ್ಲಿ ಒಂದಿದ್ದರೂ ಡಾಕ್ಟರ್ “ಬೇಡ” ಎನ್ನಬಹುದು. ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಎರಡನೆಯ ಡಾಕ್ಟರನ್ನು ಹುಡುಕಿಕೊಂಡು ಹೋಗಿ “ಹೂಂ” ಅನ್ನಿಸಿಕೊಳ್ಳಬೇಡಿ.

ದಾರಿ: ಎಡಗಡೆ ಕಡಲು ಇರಲಿ

ದಾರಿ ಆರಿಸಲು ನನ್ನ ಅಳತೆಗೋಲು ಒಂದೇ. ಹಗಲು ರಾತ್ರಿ ಸಿಸೇರಿಯನ್ ಮಾಡುವ ಆಸ್ಪತ್ರೆ ಯಾವಾಗಲೂ ಒಂದು ಗಂಟೆಯ ದಾರಿಯೊಳಗೆ ಇರಬೇಕು. ಈ ವಿಷಯದಲ್ಲಿ ಕರಾವಳಿಯವರು ಪುಣ್ಯವಂತರು. ಮಂಗಳೂರಿನಲ್ಲಿ ಸರ್ಕಾರಿ ಲೇಡಿಗೋಷನ್ ಇದೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಅಲ್ಲಿಂದ ಅರುವತ್ತು ಚಿಲ್ಲರೆ ಕಿಲೋಮೀಟರ್‌ಗೆ ಮಣಿಪಾಲ, ಉಡುಪಿಯಲ್ಲಿ ಸರ್ಕಾರಿ ಆಸ್ಪತ್ರೆ, ಮುಂದೆ ಕುಂದಾಪುರದ ತಾಲೂಕು ಆಸ್ಪತ್ರೆ. ಕುಂದಾಪುರ ದಾಟಿ ಬೈಂದೂರಿನ ಕಡೆ ಹೋದಂತೆ ದೊಡ್ಡ ತೊಂದರೆಗೆ ಹಿಂದಕ್ಕೆ ಮಣಿಪಾಲಕ್ಕೇ ಓಡಿಬರಬೇಕು. ನಾವು ಮರವಂತೆಗೆ ನಿಲ್ಲಿಸಿದ್ದು ಇದೇ ಲೆಕ್ಕದಲ್ಲಿ.

ರಾಷ್ಟ್ರೀಯ ಹೆದ್ದಾರಿ 66 ಸಮತಟ್ಟು, ತಿರುವು ಕಡಿಮೆ. ದಿನಾ ಓಡಾಡಿ ನಮಗೆ ಬೇಸರ ಬಂದ ದಾರಿ, ನಿಜ. ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ಪಡುವಣಕ್ಕೆ ಇಳಿದರೆ ಮಾತ್ರ ಬೇರೆಯೇ ಲೋಕ.

ಘಾಟಿಯ ವಿಷಯಕ್ಕೆ ಬಂದರೆ, ಮನೆಯಲ್ಲಿ ಯಾರಾದರೊಬ್ಬರು “ಆಗುಂಬೆ ಸೂರ್ಯಾಸ್ತ” ಎಂದೇ ಎನ್ನುತ್ತಾರೆ. ನಮ್ಮಲ್ಲಿ ಅಂದದ್ದು ನಾದಿನಿ. ಸೋಮೇಶ್ವರದಿಂದ ಮೇಲೆ 14 ಹೇರ್‌ಪಿನ್ ತಿರುವು. ಪ್ರತಿ ತಿರುವಿಗೂ ಹೊಟ್ಟೆ ಒಂದು ಬದಿಗೆ ವಾಲುತ್ತದೆ, ವಾಂತಿ ನಿಂತವರಿಗೂ ಮತ್ತೆ ಶುರುವಾಗುತ್ತದೆ. ಒಂದು ಬಸ್ಸು ತಿರುವಿನಲ್ಲಿ ಸಿಕ್ಕಿಕೊಂಡರೆ ಹಿಂದೆಯೂ ಹೋಗುವಂತಿಲ್ಲ, ಮುಂದೆಯೂ ಹೋಗುವಂತಿಲ್ಲ. ಶೌಚಾಲಯವಿಲ್ಲ, ಎಷ್ಟೋ ಕಡೆ ನೆಟ್‌ವರ್ಕೂ ಇಲ್ಲ. ಸೂರ್ಯಾಸ್ತ ನೋಡಿದಿರಿ ಎಂದುಕೊಳ್ಳಿ, ಇಳಿಯುವುದು ಕತ್ತಲಲ್ಲಿ. ಚಾರ್ಮಾಡಿ, ಶಿರಾಡಿಗೂ ಇದೇ ಮಾತು. ಮಲೆನಾಡಿನ ಕಾಡಂಚಿನಲ್ಲಿ ಇನ್ನೊಂದು ಕಾಟ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು ಉಣ್ಣಿ ಕಚ್ಚಿ ಬರುವ ಜ್ವರ, ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಹೆಚ್ಚು. ನಮ್ಮ ಪ್ರವಾಸದ ಒಳ್ಳೆಯ ತಿಂಗಳುಗಳಿಗೇ ಅದೂ ಬಂದು ಕೂರುತ್ತದೆ.

ಘಟ್ಟ ನೋಡಲೇಬೇಕೆಂಬ ಆಸೆಯಿದ್ದರೆ ಹೆಬ್ರಿಯವರೆಗೆ ಹೋಗಿ. ಕೆಳಗೆ ನಿಂತು ಕಣ್ಣೆತ್ತಿದರೆ ಮೋಡ ಸಿಕ್ಕಿಸಿಕೊಂಡ ಬೆಟ್ಟದ ಸಾಲು ಪೂರ್ತಿ ಕಾಣುತ್ತದೆ. ಹತ್ತಿದವರಿಗೆ ಕಾಣುವುದು ಮುಂದಿನ ಲಾರಿಯ ಹಿಂಭಾಗ.

ಮೂರು ದಿನ, ಒಂದೇ ರೂಮ್

ಉಡುಪಿಯಲ್ಲೋ ಮಲ್ಪೆಯಲ್ಲೋ ಒಂದೇ ಕಡೆ ಎರಡು ರಾತ್ರಿ ರೂಮ್ ಮಾಡಿ. ದಿನಾ ಚೀಲ ಕಟ್ಟಿ ಬಿಚ್ಚುವುದು ಪ್ರಯಾಣಕ್ಕಿಂತ ಹೆಚ್ಚು ಸುಸ್ತು. ದಿನಕ್ಕೊಂದೇ ಜಾಗ. ಮ್ಯಾಪ್ ಒಂದು ಗಂಟೆ ಎಂದರೆ ನೀವು ಎರಡು ಎಂದು ಓದಿಕೊಳ್ಳಿ.

ಮೊದಲ ದಿನ ಮಂಗಳೂರಿನಿಂದ ಉಡುಪಿ, ಸುಮಾರು 60 ಕಿಲೋಮೀಟರ್. ಮೊದಲ ನಿಲುಗಡೆ ಪಡುಬಿದ್ರಿಯ ಬೀಚ್. 2020ರಲ್ಲಿ ಇದಕ್ಕೆ ಶುಚಿಯಾದ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯ ಷರತ್ತುಗಳಲ್ಲಿ ಶುಚಿಯಾದ ಶೌಚಾಲಯವೂ ಒಂದು. ಬಸುರಿಗೆ ಬೀಚಿನ ಸೌಂದರ್ಯ ಶುರುವಾಗುವುದೇ ಅಲ್ಲಿಂದ. ಮುಂದೆ ಕಾಪು. 1901ರ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ. ಬಂಡೆಯೂ ಬೇಡ, ಒಳಗಿನ ಸುತ್ತುಮೆಟ್ಟಿಲೂ ಬೇಡ. ಮರಳಿನಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತರೆ ದೀಪಸ್ತಂಭ ಇನ್ನೂ ಚೆನ್ನಾಗಿ ಕಾಣುತ್ತದೆ. ಮಡಚುವ ಕುರ್ಚಿಯೊಂದು ಡಿಕ್ಕಿಯಲ್ಲಿರಲಿ. ನೆಲದಲ್ಲಿ ಕೂತರೆ ಏಳಿಸಲು ಇಬ್ಬರು ಬೇಕಾಗುತ್ತದೆ.

ಮಲ್ಪೆಯಲ್ಲಿ ಸೇಂಟ್ ಮೇರೀಸ್ ದ್ವೀಪದ ಬೋಟಿನವರು ಕರೆಯುತ್ತಾರೆ. ಕಂಬ ಕಂಬವಾಗಿ ನಿಂತ ಆ ಜ್ವಾಲಾಮುಖಿ ಶಿಲೆ ನೋಡುವಂಥದ್ದೇ. ಆದರೆ ತೆರೆಗೆ ಕುಣಿಯುವ ಬೋಟಿನಿಂದ ಹತ್ತಿಳಿಯುವುದು, ಅಲ್ಲಿ ಚೂಪು ಕಲ್ಲಿನ ಮೇಲೆ ನಡೆಯುವುದು ಈಗ ಬೇಡ. ಶಿಲೆ ಅಲ್ಲೇ ಇರುತ್ತದೆ, ಮಗುವನ್ನು ಎತ್ತಿಕೊಂಡು ಹೋಗಬಹುದು. ಅದರ ಬದಲು ಮಲ್ಪೆಯಿಂದ ಪಡುಕೆರೆ ಸೇತುವೆ ದಾಟಿ ಮಟ್ಟುವಿನ ಕಡೆ ನಿಧಾನ ಹೋಗಿ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ತೆಂಗಿನ ತೋಟ, ಒಣಗಲು ಹಾಕಿದ ಬಲೆ. ರಸ್ತೆ ಕಿರಿದು, ಎದುರಿನಿಂದ ವಾಹನ ಬಂದರೆ ನಿಂತು ದಾರಿ ಕೊಡಬೇಕು. ಹಾಗಾಗಿ ಯಾರೂ ಜೋರಾಗಿ ಓಡಿಸುವುದಿಲ್ಲ. ನಮಗೆ ಬೇಕಾದ್ದೂ ಅದೇ. ಋತುವಾಗಿದ್ದರೆ ಇಲ್ಲಿನ ಬದನೆಕಾಯಿ ಮಟ್ಟುಗುಳ್ಳ ಕೊಂಡುಕೊಳ್ಳಿ. ಅತ್ತೆ ಎರಡು ಕಿಲೋ ಕೊಂಡು ಮೂರು ದಿನ ಕಾರಿನಲ್ಲಿ ಮೆರೆಸಿದರು.

ಎರಡನೇ ದಿನ ಮರವಂತೆ, ಹೋಗುವಾಗ ಸುಮಾರು 55 ಕಿಲೋಮೀಟರ್. ಇಡೀ ಪ್ರವಾಸದ ಕಳಶ ಇದು. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ ಮಾತ್ರ. ಇಲ್ಲಿ ಒಂದು ಸೂಕ್ಷ್ಮವಿದೆ. ಉತ್ತರಕ್ಕೆ ಹೋಗುವಾಗ ಕಡಲು ನಿಮ್ಮ ಎಡಕ್ಕೆ. ನಾವು ಓಡಿಸುವುದೂ ಎಡಬದಿಯಲ್ಲಿ, ಮುಂದಿನ ಸೀಟಿನಲ್ಲಿ ನೀವು ಕೂರುವುದೂ ಎಡಕ್ಕೆ. ಹಾಗಾಗಿ ಹೋಗುವಾಗಲೇ ನಿಲ್ಲಿಸಿ; ಬಾಗಿಲು ತೆರೆದರೆ ಕಡಲಿನ ಬದಿಯಲ್ಲೇ ಇಳಿಯುತ್ತೀರಿ. ಬರುವಾಗ ನಿಲ್ಲಿಸಿದರೆ ವಾಹನಗಳ ನಡುವೆ ಹೆದ್ದಾರಿ ದಾಟಬೇಕು, ಈ ಹೊತ್ತಿನಲ್ಲಿ ಅಂಥ ಓಟ ಬೇಡ. ಬರುವಾಗ ಎಡಕ್ಕೆ ಸಿಗುವುದು ಹೊಳೆ. ಅದನ್ನು ಸೀಟಿನಲ್ಲೇ ಒರಗಿ ನೋಡಿ.

ಹೊತ್ತು ಬೆಳಿಗ್ಗೆಯದೇ ಇರಲಿ. ಸೂರ್ಯ ಘಟ್ಟದ ಕಡೆಯಿಂದ ಬರುವುದರಿಂದ ಕಡಲು ನೀಲಿಯಾಗಿ ಹೊಳೆಯುತ್ತದೆ, ನಿಮ್ಮ ಮುಖಕ್ಕೆ ಬಿಸಿಲು ಹೊಡೆಯುವುದಿಲ್ಲ. ಮಧ್ಯಾಹ್ನದ ಮೇಲೆ ಹೋದರೆ ಎಡ ಕಿಟಕಿಯಿಂದ ನೇರ ಕೆನ್ನೆಗೆ ಬಿಸಿಲು. ದಡಕ್ಕೆ ಹಾಕಿದ ಕಲ್ಲುರಾಶಿಯ ಮೇಲೆ ಹತ್ತಬೇಡಿ, ಪಾಚಿ ಕಟ್ಟಿ ಜಾರುತ್ತದೆ. ನಾವು ಏಳೂವರೆಗೆ ತಲುಪಿದ್ದೆವು. ದಡದಲ್ಲಿ ಇಬ್ಬರು ಬಲೆ ಕೊಡವುತ್ತಿದ್ದರು, ಮೇಲೆ ಕಾಗೆ, ಕೆಳಗೆ ನಾಯಿ ಕಾದು ಕೂತಿತ್ತು. ಅಷ್ಟರಲ್ಲಿ ಒಳಗೆ ಮೊದಲ ಸಲ ಸ್ಪಷ್ಟವಾಗಿ ಒದ್ದ ಹಾಗಾಯಿತು. ಬೆಳಗಿನ ಇಡ್ಲಿಯ ವಾಯುವೋ ಏನೋ ಎಂದು ಅತ್ತೆಗೆ ಸಂಶಯ.

ಮೂರನೇ ದಿನ ಬಂದ ದಾರಿಯಲ್ಲೇ ಮರಳಬಹುದು, ಅಥವಾ ಕಾರ್ಕಳ, ಮೂಡುಬಿದಿರೆ ಸುತ್ತಿ ಬರಬಹುದು. ಸುಮಾರು 90 ಕಿಲೋಮೀಟರ್. ಕಾರ್ಕಳದಲ್ಲಿ 1432ರ 42 ಅಡಿಯ ಗೊಮ್ಮಟನಿಗೆ ಕೆಳಗಿನಿಂದಲೇ ಕೈಮುಗಿಯಿರಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಬೆಟ್ಟ ಹತ್ತುವ ಕೆಲಸವಿಲ್ಲ, ಒಳಗೆ ತಂಪು. ಆದರೆ ಹೊರಗಿನ ಕಲ್ಲುಹಾಸು ಹತ್ತು ಗಂಟೆ ದಾಟಿದರೆ ಬರಿಗಾಲಿಗೆ ಸುಡುತ್ತದೆ. ಮೂಡುಬಿದಿರೆಯಿಂದ ಮಂಗಳೂರಿನ ದಾರಿಯಲ್ಲಿ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ನಡೆದಿದೆ. ಹೊರಡುವ ಮುಂಚೆ ಅಲ್ಲಿ ದಿನಾ ಓಡಾಡುವ ಯಾರನ್ನಾದರೂ ಕೇಳಿ. ಹೊಂಡ, ಧೂಳು ಉಂಟು ಎಂದರೆ ಹೆದ್ದಾರಿ 66ರಲ್ಲೇ ಬನ್ನಿ.

ರೂಮ್ ಬುಕ್ ಮಾಡುವ ಮುಂಚೆ ಫೋನ್ ಮಾಡಿ

ನಾವು ಪೆಟ್ಟು ತಿಂದದ್ದು ಇಲ್ಲೇ. ಫೋಟೋದಲ್ಲಿ ತೆಂಗಿನ ಮರ, ಉಯ್ಯಾಲೆ, ಕಡಲು ಎಲ್ಲ ಇತ್ತು. ಹೋಗಿ ನೋಡಿದರೆ ರೂಮ್ ಮಾಳಿಗೆಯಲ್ಲಿ, ಹತ್ತಲು ಹಿಡಿಗಂಬಿಯಿಲ್ಲದ ಕಡಿದಾದ ಮರದ ಮೆಟ್ಟಿಲು. ಕಮೋಡ್ ಇದ್ದದ್ದು ಕೆಳಗೆ, ಅಂಗಳದ ಆಚೆ. ನಾನು ಆ ರಾತ್ರಿ ಎದ್ದದ್ದು ಐದು ಸಲ. ಪ್ರತಿ ಸಲವೂ ಗಂಡ ಟಾರ್ಚ್ ಹಿಡಿದು ಮುಂದೆ, ನಾನು ಗೋಡೆ ಸವರುತ್ತ ಹಿಂದೆ. ಮರುದಿನ ಬೆಳಿಗ್ಗೆ ಹಣ ಹೋದರೆ ಹೋಗಲಿ ಎಂದು ಬೇರೆ ಕಡೆ ಹೋದೆವು. ಒಂದೇ ರೂಮ್ ಎಂದು ಮೇಲೆ ಬರೆದದ್ದು ಈ ಪಾಡು ಪಟ್ಟ ಮೇಲೆ.

ಹಾಗಾಗಿ ಆನ್‌ಲೈನ್ ಬುಕಿಂಗ್ ನಂಬದೆ ಬಾಯಿಬಿಟ್ಟು ಕೇಳಿ. ರೂಮ್ ನೆಲದಂತಸ್ತಿನಲ್ಲಿ ಉಂಟಾ? ಕಮೋಡ್ ರೂಮಿನ ಒಳಗೇ ಉಂಟಾ? ಬಚ್ಚಲಿನ ನೆಲ ಜಾರುತ್ತದಾ? ಕಾರು ಬಾಗಿಲವರೆಗೆ ಬರುತ್ತದಾ? ಕರೆಂಟ್ ಹೋದರೆ ಫ್ಯಾನ್ ತಿರುಗುತ್ತದಾ? ಬಸುರಿ ಇದ್ದಾಳೆ ಎಂದು ಮೊದಲೇ ಹೇಳಿ. ನಮ್ಮೂರಿನವರಿಗೆ ಹಾಗೆ ಹೇಳಿದರೆ ಅರ್ಧ ಪ್ರಶ್ನೆ ಅವರೇ ಕೇಳುತ್ತಾರೆ, ಗಂಜಿಗೂ ವ್ಯವಸ್ಥೆಯಾಗುತ್ತದೆ. ಕಿಟಕಿಗೆ ಸೊಳ್ಳೆಬಲೆ ಉಂಟಾ ಎಂದೂ ಕೇಳಿ. ಮಲೇರಿಯಾಕ್ಕೆ ಮಂಗಳೂರು ಮೊದಲಿನಿಂದ ಹೆಸರುವಾಸಿ, ಬಸುರಿಗೆ ಮಲೇರಿಯಾ, ಡೆಂಗಿ ಎರಡೂ ಉಳಿದವರಿಗಿಂತ ಹೆಚ್ಚು ಕಾಡುತ್ತವೆ. ಸಂಜೆಯಾದ ಮೇಲೆ ಉದ್ದ ತೋಳಿನ ಬಟ್ಟೆ ಹಾಕಿ.

ಬೆಲ್ಟ್, ಬೈರಾಸು, ಕಾಲು

ಹೊಟ್ಟೆಗೆ ಒತ್ತುತ್ತದೆ ಎಂದು ಬೆಲ್ಟ್ ಬಿಡುವವರಿದ್ದಾರೆ. ಬಿಡಬೇಡಿ, ಹಾಕುವ ಕ್ರಮ ಬದಲಿಸಿ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಹಾಯಬಾರದು. ಹೊಟ್ಟೆಯ ಬುಡದಲ್ಲಿ, ಸೊಂಟದ ಎರಡು ಎಲುಬಿನ ಮೇಲೆ, ತೊಡೆಗೆ ತಾಗಿ ಕೂರಬೇಕು. ಮೇಲಿನ ಪಟ್ಟಿ ಹೆಗಲಿನಿಂದ ಎದೆಯ ನಡುವೆ ಇಳಿದು ಹೊಟ್ಟೆಯ ಬದಿಯಿಂದ ಹೋಗಬೇಕು. ಕಂಕುಳಡಿಗೆ ತೂರಿಸಬೇಡಿ, ಬೆನ್ನ ಹಿಂದೆ ಹಾಕಬೇಡಿ.

ಅತ್ತೆ ಬೈರಾಸು (ಟವೆಲ್) ಸುತ್ತಿ ತಂದು ಬೆಲ್ಟಿಗೂ ಹೊಟ್ಟೆಗೂ ನಡುವೆ ಇಡಲು ಬಂದರು, “ಮೆತ್ತಗಾಗ್ತದೆ” ಎಂದು. ಅಲ್ಲಿ ಇಡಬಾರದು, ಬ್ರೇಕ್ ಹಾಕಿದಾಗ ಪಟ್ಟಿ ಮೇಲಕ್ಕೆ ಜಾರಿ ಹೊಟ್ಟೆಯನ್ನೇ ಹಿಸುಕುತ್ತದೆ. ಅದೇ ಬೈರಾಸು ಸೊಂಟದ ಹಿಂದೆ ಇಟ್ಟರೆ ಸ್ವರ್ಗ.

ಏರ್‌ಬ್ಯಾಗ್ ಬಂದ್ ಮಾಡಿಸಬೇಡಿ, ಸೀಟನ್ನು ಹಿಂದಕ್ಕೆ ತಳ್ಳಿ. ನೀವೇ ಓಡಿಸುವುದಾದರೆ ಸ್ಟೀರಿಂಗ್‌ನಿಂದ ಎದೆಯ ಎಲುಬಿಗೆ ಕನಿಷ್ಠ 25 ಸೆಂಟಿಮೀಟರ್ ಅಂತರವಿರಲಿ, ಸ್ಟೀರಿಂಗ್ ಹೊಟ್ಟೆಯ ಕಡೆ ಅಲ್ಲ, ಎದೆಯ ಕಡೆ ಮುಖ ಮಾಡಲಿ. ಅಷ್ಟು ಹಿಂದೆ ಹೋದರೆ ಬ್ರೇಕ್ ಸಿಗುವುದಿಲ್ಲ ಎಂದಾದರೆ ಓಡಿಸುವ ಕೆಲಸ ಇನ್ನೊಬ್ಬರಿಗೆ.

ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ತಾನಾಗಿ ಹೆಚ್ಚುತ್ತದೆ, ಹೆರಿಗೆಯ ಹೊತ್ತಿನ ರಕ್ತಸ್ರಾವಕ್ಕೆ ದೇಹ ಮಾಡಿಕೊಳ್ಳುವ ತಯಾರಿ ಅದು. ಜೊತೆಗೆ ಬೆಳೆದ ಗರ್ಭಕೋಶ ಕಾಲಿನಿಂದ ರಕ್ತ ಮೇಲೆ ಬರುವ ನಾಳವನ್ನು ಒತ್ತುತ್ತದೆ. ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂತರೆ ಮೀನಖಂಡದಲ್ಲಿ ರಕ್ತ ಗರಣೆಗಟ್ಟುವ ಭಯ ಈ ಕಾರಣಕ್ಕೆ. ಎರಡು ಗಂಟೆಗೊಮ್ಮೆ ಇಳಿಯಲೇಬೇಕು ಎನ್ನುತ್ತಾರೆ, ನನ್ನ ಮಟ್ಟಿಗೆ ಒಂದು ಗಂಟೆ. ಇಳಿದು ಐದು ನಿಮಿಷ ನಡೆಯಿರಿ. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ, ಹೊಲಿಗೆ ಯಂತ್ರ ತುಳಿದ ಹಾಗೆ.

ಹಂಪ್ಸ್ ಬಂದಾಗ ನಿಧಾನ ಮಾಡುವ ಜವಾಬ್ದಾರಿ ಓಡಿಸುವವರದ್ದು. ನಮ್ಮ ಕಡೆಯ ಒಳರಸ್ತೆಗಳ ಹಂಪ್ಸ್‌ಗೆ ಬಣ್ಣ ಇರುವುದು ಅಪರೂಪ. ಹಾಗೆಯೇ ಮೀನಿನ ಲಾರಿ. ನೀರು ಸುರಿಸಿಕೊಂಡು ಹೋಗುವ ಒಂದು ಲಾರಿ ಮುಂದೆ ಸಿಕ್ಕಿದರೆ ಎಸಿ ಹಾಕಿದರೂ ವಾಸನೆ ಒಳಗೆ. ಓವರ್‌ಟೇಕ್ ಮಾಡುವ ಹಟ ಬೇಡ, ಬದಿಗೆ ನಿಲ್ಲಿಸಿ ಒಂದು ಎಳನೀರು ಕುಡಿದು ಲಾರಿಯನ್ನು ಮುಂದೆ ಹೋಗಲು ಬಿಡಿ.

ಹೊಟ್ಟೆಗೆ ಏನು, ಚೀಲಕ್ಕೆ ಏನು

ಶೌಚಾಲಯಕ್ಕೆ ಹೆದರಿ ನೀರು ಕುಡಿಯದಿರುವುದು ನಮ್ಮ ಹೆಂಗಸರ ಹಳೆಯ ಚಾಳಿ. ಈಗ ಅದರಿಂದ ಮೂತ್ರದ ಸೋಂಕು, ತಲೆಸುತ್ತು. ಕುಡಿಯಿರಿ, ಇಳಿಯುವ ಜಾಗ ಮೊದಲೇ ಗುರುತು ಮಾಡಿಕೊಳ್ಳಿ. ಹೆಜಮಾಡಿ, ಸಾಸ್ತಾನದ ಟೋಲ್, ದೊಡ್ಡ ಪೆಟ್ರೋಲ್ ಬಂಕ್, ಊರಿನ ಒಳ್ಳೆಯ ಸಸ್ಯಾಹಾರಿ ಹೋಟೆಲ್. ಕೊನೆಯದ್ದು ಎಲ್ಲಕ್ಕಿಂತ ವಾಸಿ. ಒಂದು ಚಾ ಹೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಟಿಶ್ಯೂ, ಸೋಪಿನ ಕಾಗದ, ಒಂದು ಚೊಂಬು ಕಾರಿನಲ್ಲಿರಲಿ.

ತಿನ್ನುವುದಕ್ಕೆ ನಮ್ಮ ಊರು ಬಸುರಿಗೆಂದೇ ಇದ್ದ ಹಾಗಿದೆ. ಬಿಸಿ ನೀರುದೋಸೆ, ಇಡ್ಲಿ, ಕುಚ್ಚಲಕ್ಕಿ ಗಂಜಿ, ಪುನರ್ಪುಳಿ ಶರಬತ್ತು. ಗೋಳಿಬಜೆ ಬಾಣಲೆಯಿಂದ ತೆಗೆದದ್ದಾದರೆ ಎರಡು ತಿನ್ನಿ, ಎದೆಯುರಿ ಇದ್ದರೆ ಒಂದು. ಬೀಚಿನ ಚುರುಮುರಿ, ಹೆಚ್ಚಿಟ್ಟ ಹಣ್ಣು, ಐಸ್ ಹಾಕಿದ ಶರಬತ್ತು, ಹಾಫ್ ಬಾಯಿಲ್ ಮೊಟ್ಟೆ ಬೇಡ. ಮೀನು ಚೆನ್ನಾಗಿ ಬೆಂದಿರಲಿ. ಬಂಗುಡೆ, ಬೂತಾಯಿ, ಕಾಣೆ ಒಳ್ಳೆಯದು. ತಾಟೆಯಂಥ (ಶಾರ್ಕ್) ದೊಡ್ಡ ಬೇಟೆಗಾರ ಮೀನು ಬಿಡಿ. ಚಿಕ್ಕ ಮೀನು ತಿಂದು ತಿಂದು ಅವುಗಳ ಮೈಯಲ್ಲಿ ಪಾದರಸ ಸೇರಿರುತ್ತದೆ, ಅದು ಮಗುವಿನ ಮಿದುಳಿಗೆ ಒಳ್ಳೆಯದಲ್ಲ. ಕಬ್ಬಿಣದ ಮಾತ್ರೆಯನ್ನು ಚಾ, ಕಾಫಿ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ಲಿಂಬೆ ಶರಬತ್ತಿನ ಜೊತೆ ಆಗುತ್ತದೆ. ಮಠದ ಊಟಕ್ಕೆ ಆಸೆಯಿದ್ದರೂ ಉದ್ದ ಸಾಲಿನಲ್ಲಿ ನಿಲ್ಲಬೇಡಿ.

ಚೀಲದಲ್ಲಿ ಮೊದಲು ಹೋಗಬೇಕಾದ್ದು ತಾಯಿ ಕಾರ್ಡ್. ಅದರ ಜೊತೆ ಸ್ಕ್ಯಾನ್ ರಿಪೋರ್ಟ್, ರಕ್ತದ ಗುಂಪಿನ ಕಾಗದ, ಮಾತ್ರೆ. ಎಲ್ಲದರ ಫೋಟೋ ಗಂಡನ ಮೊಬೈಲಿನಲ್ಲಿ ಕೂಡ. ನೀವು ಪ್ರಜ್ಞೆ ತಪ್ಪಿದರೆ ನಿಮ್ಮ ಮೊಬೈಲಿನ ಲಾಕ್ ತೆಗೆಯುವವರು ಯಾರು?

ಯಾವಾಗ ಕಾರು ತಿರುಗಿಸಬೇಕು

ರಕ್ತ ಕಂಡರೆ. ನೀರು ಹೋದರೆ. ಹೊಟ್ಟೆ ಮತ್ತೆ ಮತ್ತೆ ಬಿಗಿಯಾಗಿ ನೋವು ಬಂದರೆ. ಬಿಡದ ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮುಖ ಕೈ ಒಮ್ಮೆಲೇ ಬಾತರೆ, ಜ್ವರ ಬಂದರೆ. ಒಂದೇ ಕಾಲು ಬಾತು ಮೀನಖಂಡ ನೋವಾದರೆ, ಉಸಿರು ಕಟ್ಟಿದರೆ. ಆಡುತ್ತಿದ್ದ ಮಗುವಿನ ಚಲನೆ ಕಡಿಮೆಯಾದರೆ. ಇವುಗಳಲ್ಲಿ ಯಾವುದಕ್ಕೂ ಬೆಳಗಾಗಲಿ ಎಂದು ಕಾಯಬಾರದು, ಗೂಗಲ್ ಮಾಡುತ್ತ ಕೂರಬಾರದು. ಆಂಬುಲೆನ್ಸ್‌ಗೆ 108, ಪೊಲೀಸ್ ಸೇರಿದಂತೆ ತುರ್ತಿಗೆ 112, ಹೆದ್ದಾರಿಯಲ್ಲಿ ಕಾರು ಕೆಟ್ಟರೆ 1033.

ಹಿಂದಿನಿಂದ ಒಂದು ಬೈಕ್ ಮೆಲ್ಲಗೆ ತಾಗಿತು, ಏನೂ ಆಗಿಲ್ಲ ಎಂದು ಸುಮ್ಮನಾಗುವವರು ಬಹಳ. ಹೊಟ್ಟೆಗೆ ಪೆಟ್ಟಾಗದಿದ್ದರೂ ಜರ್ಕಿಗೆ ಮಾಸು ಬಿಟ್ಟುಕೊಳ್ಳಬಹುದು, ಅದು ಗೊತ್ತಾಗಲು ಕೆಲವು ಗಂಟೆ ಹಿಡಿಯಬಹುದು. ಸಣ್ಣ ಅಪಘಾತವಾದರೂ ಅದೇ ದಿನ ಆಸ್ಪತ್ರೆಗೆ ಹೋಗಿ ತೋರಿಸಿ. ಬಂಪರಿನ ಲೆಕ್ಕ ಆಮೇಲೆ.

ಮರಳಿ ಬಂದ ಮಾರನೆಯ ದಿನ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಎಡಮಗ್ಗುಲಾಗಿ ಮಲಗಿ, ಕಾಲಡಿಗೆ ದಿಂಬು ಹಾಕಿ. ಕಾಲಿನ ರಕ್ತ ಹೆಪ್ಪುಗಟ್ಟುವ ತೊಂದರೆ ಪ್ರಯಾಣ ಮುಗಿದು ದಿನಗಳಾದ ಮೇಲೂ ಕಾಣಿಸಿಕೊಳ್ಳಬಹುದು, ಒಂದೆರಡು ವಾರ ಗಮನವಿರಲಿ.

ನಾವು ಬಂದ ರಾತ್ರಿ ಅತ್ತೆ ಮಟ್ಟುಗುಳ್ಳದ ಸಾಂಬಾರು ಬಡಿಸುತ್ತ ನನ್ನ ಗಂಡನಿಗೆ ಕೇಳುವ ಹಾಗೆ ಹೇಳಿದರು, “ಇನ್ನು ಸಾಕು. ಬಯಕೆ ಆಗುವವರೆಗೆ ಇವಳು ಒಂದು ಹೊಳೆಯೂ ದಾಟ್ಲಿಕ್ಕಿಲ್ಲ.” ಆಮೇಲೆ ತವರಿಗೆ ಕಳಿಸಬೇಕಲ್ಲ ಎಂದು ಇವರು ನೆನಪಿಸಿದರು. ನನ್ನ ತವರು ಪಾಣೆಮಂಗಳೂರು. ನೇತ್ರಾವತಿ ದಾಟಿಯೇ ಹೋಗಬೇಕು.